ಒಣಗಿದ ಮೇಲೂ ಘಮ ಉಳಿಸಿಕೊಳ್ಳುವ ಗಿಡ ಯಾವುದು?

ಪ್ರಶ್ನೆ: ನನ್ನ ಕೈತೋಟದಲ್ಲಿ ಪುದೀನ, ತುಳಸಿ, ರೋಸ್‌ಮೆರಿ, ನಿಂಬೆಹುಲ್ಲು, ಲ್ಯಾವೆಂಡರ್, ಥೈಮ್ ಎಲ್ಲಾ ಚೆನ್ನಾಗಿ ಬಂದಿವೆ. ಅಡುಗೆಗೆ ಎಷ್ಟು ಬಳಸಿದರೂ ಉಳಿಯುತ್ತವೆ. ಗೊಬ್ಬರದ ಗುಂಡಿಗೆ ಹಾಕಲು ಮನಸ್ಸು ಬರುವುದಿಲ್ಲ. ಪುದೀನ ಒಣಗಿಸಿ ಬಟ್ಟೆಯ ಕಪಾಟಿಗೆ ಪುಟ್ಟ ಚೀಲಗಳನ್ನು ಮಾಡಿದೆ. ಎರಡು ವಾರಕ್ಕೆ ವಾಸನೆಯೇ ಇಲ್ಲ. ಅದೇ ಎಲೆಯಿಂದ ಬಿಳಿ ಹತ್ತಿ ಬಟ್ಟೆಗೆ ಹಸಿರು ಬಣ್ಣ ಹಾಕಲು ಹೋದೆ. ಮಾಸಲು ಕಂದು ಬಂತು, ಒಗೆದಾಗ ಅದೂ ಹೋಯಿತು. ನಾನು ಎಲ್ಲಿ ತಪ್ಪಿದೆ? ಅಡುಗೆ ಬಿಟ್ಟು ಮನೆಬಳಕೆಗೆ, ಕರಕುಶಲಕ್ಕೆ ಇವುಗಳನ್ನು ಹೇಗೆ ಬಳಸಬಹುದು?

ಉತ್ತರ: ಪುದೀನಕ್ಕೆ ನೀವು ಕೊಟ್ಟ ಎರಡೂ ಕೆಲಸ ಅದಕ್ಕೆ ಒಗ್ಗದವು. ಅದು ಬೇಗ ಘಮ ಬಿಟ್ಟುಕೊಡುವ ಗಿಡ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತು ಘಮ ಕೊಡು ಅಂದರೆ ಅದರ ಕೈಲಾಗುವುದಿಲ್ಲ. ಹಾಗೆಯೇ, ಎಲೆ ಹಸಿರಾಗಿದೆ ಅಂತ ಬಟ್ಟೆಯೂ ಹಸಿರಾಗುವುದಿಲ್ಲ. ನಾನು ಈ ಗಿಡಗಳ ಜೊತೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಇವತ್ತಿಗೂ ಹೊಸ ಗಿಡ ಕೈಗೆ ಬಂದರೆ ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಒಣಗಿದ ಮೇಲೆ ಇದರಲ್ಲಿ ಏನು ಉಳಿಯುತ್ತದೆ? ಘಮವಾ, ಬಣ್ಣವಾ, ನಾರಾ, ಬರೀ ಆಕಾರವಾ? ಉಳಿಯುವುದನ್ನು ನೋಡಿ ಕೆಲಸ ಕೊಟ್ಟರೆ ಗಿಡ ಮೋಸ ಮಾಡುವುದಿಲ್ಲ.

ಮೊದಲು ಘಮದ ವಿಷಯ. ಒಂದು ಭೂತಗನ್ನಡಿ ತೆಗೆದುಕೊಂಡು ಪುದೀನ ಎಲೆಯ ಹಿಂಭಾಗ ನೋಡಿ. ಬೆಳಕಿಗೆ ಓರೆ ಹಿಡಿದರೆ ಮಿನುಗುವ ಚುಕ್ಕಿಗಳು ಕಾಣುತ್ತವೆ. ಒಂದೊಂದೂ ಎಣ್ಣೆ ತುಂಬಿದ ಪುಟ್ಟ ಗುಳ್ಳೆ. ಅದು ಎಲೆಯ ಮೇಲೇ ಕೂತಿರುತ್ತದೆ, ಸುತ್ತ ಇರುವುದು ತೆಳುವಾದ ಪೊರೆ ಮಾತ್ರ. ಬೆರಳು ಸವರಿದರೆ ಒಡೆಯುತ್ತದೆ. ಎಲೆ ಒಣಗಿ ಮುರುಟಿದರೆ, ಚೀಲದಲ್ಲಿ ಉಜ್ಜಾಡಿದರೆ ಆಗಲೂ ಒಡೆಯುತ್ತದೆ. ತುಳಸಿಯದೂ ಇದೇ ಕಥೆ. ಈಗ ರೋಸ್‌ಮೆರಿ ಎಲೆ ನೋಡಿ. ದಪ್ಪ, ತೊಗಲಿನ ಹಾಗೆ ಗಟ್ಟಿ. ಅಂಚುಗಳು ಹಿಂದಕ್ಕೆ ಸುರುಳಿಯಾಗಿವೆ. ಎಣ್ಣೆಯ ಗುಳ್ಳೆಗಳು ಆ ಮಡಿಕೆಯೊಳಗೆ, ಬಿಳಿ ರೋಮಗಳ ನಡುವೆ ಬೆಚ್ಚಗೆ ಕೂತಿವೆ. ಒಣಗಿದ ಮೇಲೂ ತಿಂಗಳುಗಟ್ಟಲೆ ಅಲ್ಲೇ ಇರುತ್ತವೆ. ನೀವು ಎಲೆ ಮುರಿದಾಗ ಮಾತ್ರ ಹೊರಗೆ ಬರುತ್ತವೆ. ಲ್ಯಾವೆಂಡರ್ ಇನ್ನೂ ಜಾಣ ಗಿಡ. ಅದರ ಎಣ್ಣೆ ಹೆಚ್ಚಾಗಿ ಇರುವುದು ನೇರಳೆ ಎಸಳಿನಲ್ಲಲ್ಲ, ಎಸಳನ್ನು ಹಿಡಿದಿರುವ ಪುಟ್ಟ ಬಟ್ಟಲಿನಲ್ಲಿ. ಆ ಬಟ್ಟಲಿನ ಗೆರೆಗಳ ನಡುವಿನ ಸಂದಿಯಲ್ಲಿ ಗ್ರಂಥಿಗಳಿರುತ್ತವೆ. ಎಸಳು ಉದುರಿದರೂ ಘಮ ಉಳಿಯುವುದು ಅದಕ್ಕೇ.

ಹಾಗಾಗಿ ಚೀಲಕ್ಕೆ ಲ್ಯಾವೆಂಡರ್, ರೋಸ್‌ಮೆರಿ, ಥೈಮ್ ಇರಲಿ. ಲಾವಂಚದ ಬೇರು ಸಿಕ್ಕರೆ ಖಂಡಿತ ಸೇರಿಸಿ. ಅದರ ಎಣ್ಣೆ ಭಾರವಾದದ್ದು, ತುಂಬಾ ನಿಧಾನವಾಗಿ ಆರುತ್ತದೆ. ಜೊತೆಗಿರುವ ಹಗುರ ಘಮಗಳನ್ನೂ ಹಿಡಿದಿಡುತ್ತದೆ. ಸುಗಂಧ ತಯಾರಿಸುವವರು ಅದನ್ನು ಬಳಸುವುದು ಈ ಗುಣಕ್ಕಾಗಿಯೇ. ಐರಿಸ್ ಗಿಡದ ಗಡ್ಡೆಯೂ ಹೀಗೇ ಕೆಲಸ ಮಾಡುತ್ತದೆ. ಆದರೆ ಅದನ್ನು ಒಣಗಿಸಿ ಎರಡು ಮೂರು ವರ್ಷ ಇಟ್ಟ ಮೇಲೇ ಘಮ ಹುಟ್ಟುವುದು. ಪಚೋಲಿ ಬೆಳೆಸಿದ್ದರೆ ಅದೂ ಒಳ್ಳೆಯದು. ಹಸಿ ಎಲೆಗಿಂತ ಒಣಗಿ ಹದವಾದ ಎಲೆಯಲ್ಲೇ ಅದರ ಘಮ ಜಾಸ್ತಿ. 19ನೇ ಶತಮಾನದಲ್ಲಿ ಕಾಶ್ಮೀರಿ ಶಾಲುಗಳನ್ನು ಯುರೋಪಿಗೆ ಕಳಿಸುವಾಗ ಮಡಿಕೆಗಳ ನಡುವೆ ಪಚೋಲಿ ಎಲೆ ಇಡುತ್ತಿದ್ದರು. ಅಲ್ಲಿನ ಜನ ಆ ವಾಸನೆ ಮೂಸಿಯೇ ಶಾಲು ಅಸಲಿಯಾ ಅಂತ ನೋಡುವಷ್ಟು ಅದು ಹೆಸರು ಮಾಡಿತ್ತು.

ನನ್ನ ಅಳತೆ ಇದು: ಎರಡು ಬಟ್ಟಲು ಲ್ಯಾವೆಂಡರ್, ಒಂದು ಬಟ್ಟಲು ರೋಸ್‌ಮೆರಿ, ಅರ್ಧ ಬಟ್ಟಲು ಥೈಮ್, ಸಣ್ಣಗೆ ಕತ್ತರಿಸಿದ ಲಾವಂಚದ ಬೇರು ಅರ್ಧ ಬಟ್ಟಲು. ಎಲ್ಲಾ ಕಲಸಿ ಮುಚ್ಚಿದ ಗಾಜಿನ ಜಾಡಿಯಲ್ಲಿ ಮೂರು ವಾರ ಇಡಿ. ಒಂದಕ್ಕೊಂದು ಹೊಂದಿಕೊಂಡ ಮೇಲೆ ಚೀಲಕ್ಕೆ ತುಂಬಿ. ಬಟ್ಟೆ ಒತ್ತಾದ ನೇಯ್ಗೆಯ ಹತ್ತಿಯದಾಗಿರಲಿ. ಬಲೆಯಂಥ ತೆಳು ಬಟ್ಟೆ ನೋಡಲು ಚಂದ, ಆದರೆ ಪುಡಿ ಉದುರಿ ಬಟ್ಟೆಗಳ ಮೇಲೆಲ್ಲಾ ಆಗುತ್ತದೆ. ತಿಂಗಳಿಗೊಮ್ಮೆ ಚೀಲವನ್ನು ಅಂಗೈಯಲ್ಲಿ ಹಿಡಿದು ಹಿಸುಕಿ. ಕೆಲವು ಗುಳ್ಳೆ ಒಡೆದು ಘಮ ಮತ್ತೆ ಏಳುತ್ತದೆ.

ಒಂದು ಮಾತು ನೇರವಾಗಿ ಹೇಳಬೇಕು. ಈ ಚೀಲ ಇಟ್ಟರೆ ಉಣ್ಣೆಗೆ ಹುಳ ಬೀಳುವುದೇ ಇಲ್ಲ ಅಂತ ನಂಬಬೇಡಿ. ಘಮಕ್ಕೆ, ಉಣ್ಣೆಯಲ್ಲಿ ಮೊಟ್ಟೆ ಇಡುವ ಪತಂಗ ಸ್ವಲ್ಪ ದೂರ ಹೋಗಬಹುದು. ಆದರೆ ಬಟ್ಟೆ ತಿನ್ನುವುದು ಪತಂಗವಲ್ಲ, ಅದರ ಮರಿಹುಳ. ಮೊಟ್ಟೆ ಆಗಲೇ ಮಡಿಕೆಯೊಳಗಿದ್ದರೆ ಲ್ಯಾವೆಂಡರ್‌ನಿಂದ ಅದಕ್ಕೆ ಏನೂ ಆಗುವುದಿಲ್ಲ. ಬೆವರು, ಎಣ್ಣೆ ಕಲೆ ಇರುವ ಉಣ್ಣೆ ಅಂದರೆ ಆ ಹುಳಕ್ಕೆ ಇನ್ನೂ ಇಷ್ಟ. ಒಗೆದು, ಚೆನ್ನಾಗಿ ಒಣಗಿಸಿ, ಆಮೇಲೆ ಚೀಲ ಇಡಿ. ಒಳ್ಳೆಯ ಶಾಲೊಂದನ್ನು ಘಮದ ಭರವಸೆಯ ಮೇಲೆ ಒಗೆಯದೆ ಇಟ್ಟು ಕಳೆದುಕೊಂಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನು ಕೊಯ್ಲು ಮತ್ತು ಒಣಗಿಸುವುದು. ಅರ್ಧ ಜನರ ಘಮ ಹಾಳಾಗುವುದು ಇಲ್ಲೇ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೊಯ್ಯಿರಿ. ಎಲೆ ಬೇಕಾದರೆ ಹೂ ಬಿಡುವುದಕ್ಕೆ ಸ್ವಲ್ಪ ಮೊದಲು. ಲ್ಯಾವೆಂಡರ್ ಆದರೆ ತೆನೆಯಲ್ಲಿ ಮೊದಲ ಕೆಲವು ಹೂ ಅರಳಿದಾಗ. ಎಂಟು ಹತ್ತು ಕಡ್ಡಿಗಳ ಸಣ್ಣ ಕಟ್ಟು ಮಾಡಿ. ಕಟ್ಟುವುದಕ್ಕೆ ದಾರ ಬೇಡ, ರಬ್ಬರ್ ಬ್ಯಾಂಡ್ ಹಾಕಿ. ಒಣಗುತ್ತಾ ಹೋದ ಹಾಗೆ ಕಡ್ಡಿ ಸೊರಗುತ್ತದೆ. ದಾರವಾದರೆ ಸಡಿಲವಾಗಿ ಒಂದೊಂದೇ ಕಡ್ಡಿ ಜಾರಿ ಬೀಳುತ್ತದೆ. ರಬ್ಬರ್ ಜೊತೆಜೊತೆಗೇ ಬಿಗಿಯಾಗುತ್ತದೆ. ನೆರಳಿರುವ, ಗಾಳಿ ಆಡುವ ಕಡೆ ತಲೆಕೆಳಗಾಗಿ ನೇತುಹಾಕಿ. ಬಿಸಿಲಲ್ಲಿ ಒಣಗಿಸಿದರೆ ಬಣ್ಣವೂ ಹೋಗುತ್ತದೆ, ಎಣ್ಣೆಯೂ ಹಾರುತ್ತದೆ. ಯಂತ್ರದಲ್ಲಿ ಒಣಗಿಸುವುದಾದರೆ 35ರಿಂದ 40 ಡಿಗ್ರಿ ಸೆಲ್ಸಿಯಸ್ ದಾಟಬೇಡಿ. ಒಂದೆರಡು ವಾರದಲ್ಲಿ ಕಡ್ಡಿ ಬಗ್ಗದೆ ಟಪ್ಪನೆ ಮುರಿಯಬೇಕು. ಆಮೇಲೂ ಒಂದು ಪರೀಕ್ಷೆ ಇದೆ. ಎಲೆಗಳನ್ನು ಗಾಜಿನ ಜಾಡಿಗೆ ಹಾಕಿ ಒಂದು ದಿನ ಮುಚ್ಚಿಡಿ. ಒಳಗೋಡೆಯ ಮೇಲೆ ಮಂಜು ಕಂಡರೆ ಇನ್ನೂ ತೇವ ಇದೆ ಅಂತ ಅರ್ಥ, ಮತ್ತೆ ಹರಡಿ. ತೇವ ಉಳಿದ ಎಲೆ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ.

ಹಾಗಾದರೆ ಪುದೀನಕ್ಕೆ ಕೆಲಸವೇ ಇಲ್ವಾ? ಇದೆ, ಬೇಕಾದಷ್ಟಿದೆ. ಬೇಗ ಘಮ ಬಿಡುವ ಗಿಡಕ್ಕೆ ನೀರಿನ ಕೆಲಸ, ಹಬೆಯ ಕೆಲಸ ಕೊಡಿ. ನನಗೆ ತುಂಬಾ ಇಷ್ಟವಾದದ್ದು ಘಮದ ನೀರು ಇಳಿಸುವುದು. ಅಗಲವಾದ ಪಾತ್ರೆಯ ಮಧ್ಯೆ ಒಂದು ಚಿಕ್ಕ ಸ್ಟ್ಯಾಂಡ್ ಇಡಿ. ಅದರ ಮೇಲೆ ಸ್ಟೀಲಿನ ಬಟ್ಟಲು. ಸ್ಟ್ಯಾಂಡಿನ ಸುತ್ತ ಕೈತುಂಬಾ ಹಸಿ ಪುದೀನ ಅಥವಾ ಕತ್ತರಿಸಿದ ನಿಂಬೆಹುಲ್ಲು ಹಾಕಿ, ಅದು ಮುಳುಗುವಷ್ಟು ನೀರು ಹಾಕಿ. ನೀರು ಬಟ್ಟಲಿಗೆ ನುಗ್ಗಬಾರದು. ಮುಚ್ಚಳವನ್ನು ತಲೆಕೆಳಗಾಗಿ ಮುಚ್ಚಿ, ಮೇಲೆ ಮಂಜುಗಡ್ಡೆ ಇಡಿ. ಸಣ್ಣ ಉರಿ ಸಾಕು. ಹಬೆ ಮೇಲೇರಿ ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಮುಚ್ಚಳದ ಹಿಡಿಯ ಕಡೆಗೆ ಜಾರಿ ಬಟ್ಟಲಿಗೆ ತೊಟ್ಟಿಕ್ಕುತ್ತದೆ. ಅರ್ಧ ಗಂಟೆಯಲ್ಲಿ ಒಂದು ಲೋಟದಷ್ಟು ಇಳಿಯಬಹುದು. ಪಾತ್ರೆಯ ನೀರು ಪೂರ್ತಿ ಬತ್ತದ ಹಾಗೆ ಮಾತ್ರ ಕಣ್ಣಿಟ್ಟಿರಿ, ಎಲೆ ಸೀದರೆ ಬಟ್ಟಲಿನ ನೀರೆಲ್ಲಾ ಸೀದ ವಾಸನೆ.

ಈ ನೀರನ್ನು ಇಸ್ತ್ರಿ ಮಾಡುವಾಗ ಬಟ್ಟೆಯ ಮೇಲೆ ಚಿಮುಕಿಸಿ. ದಿಂಬಿನ ಹೊದಿಕೆಗೆ, ಪರದೆಗೆ, ಹಾಸಿಗೆ ಹೊದಿಕೆಗೆ ಚಂದ. ಇಸ್ತ್ರಿ ಪೆಟ್ಟಿಗೆಯ ನೀರಿನ ತೊಟ್ಟಿಗೆ ಮಾತ್ರ ಹಾಕಬೇಡಿ, ಒಳಗೆ ಜಿಡ್ಡು ಕಟ್ಟುತ್ತದೆ. ಇದರಲ್ಲಿ ಕೆಡದಂತೆ ಕಾಯುವ ಮದ್ದು ಏನೂ ಇರುವುದಿಲ್ಲ. ಆದ್ದರಿಂದ ಬಿಸಿನೀರಲ್ಲಿ ತೊಳೆದ ಬಾಟಲಿಯಲ್ಲಿ ತುಂಬಿ ಫ್ರಿಜ್‌ನಲ್ಲಿಡಿ. ಎರಡು ವಾರದಲ್ಲಿ ಮುಗಿಸಿ. ಮಸುಕಾದರೆ, ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ.

ಇದಕ್ಕಿಂತ ಸುಲಭವಾದದ್ದು ವಿನೆಗರ್. ಒಂದು ಜಾಡಿಯಲ್ಲಿ ಮುಕ್ಕಾಲು ಭಾಗ ಹಸಿ ಪುದೀನ, ಥೈಮ್, ರೋಸ್‌ಮೆರಿ ತುಂಬಿ. 5 ಶೇಕಡಾದ ಬಿಳಿ ವಿನೆಗರ್ ಸುರಿದು ಎರಡು ವಾರ ಬಿಡಿ. ಸೋಸಿ, ಅಷ್ಟೇ ನೀರು ಬೆರೆಸಿ, ಸ್ಪ್ರೇ ಬಾಟಲಿಗೆ ಹಾಕಿ. ಗಾಜು, ಕನ್ನಡಿ, ನಲ್ಲಿಯ ಮೇಲಿನ ಬಿಳಿ ಕಲೆ ಚೆನ್ನಾಗಿ ಹೋಗುತ್ತದೆ. ಜಾಡಿಗೆ ಪ್ಲಾಸ್ಟಿಕ್ ಮುಚ್ಚಳ ಇರಲಿ, ತಗಡಿನದು ತುಕ್ಕು ಹಿಡಿಯುತ್ತದೆ. ಅಮೃತಶಿಲೆ, ಸುಣ್ಣಕಲ್ಲಿನ ಮೇಲೆ ಹಾಕಲೇಬೇಡಿ, ಹುಳಿ ಕಲ್ಲನ್ನು ತಿಂದು ಹೊಳಪು ಶಾಶ್ವತವಾಗಿ ಹೋಗುತ್ತದೆ. ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಶ್ವಾಸಕೋಶಕ್ಕೆ ಅಪಾಯ. ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಬಾಟಲಿಯಲ್ಲಿ ಇಡುವವರೂ ಇದ್ದಾರೆ. ನೊರೆ ಬರುತ್ತದೆ ನಿಜ. ಆದರೆ ಒಂದರ ಗುಣವನ್ನು ಇನ್ನೊಂದು ಕಳೆದು, ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆಬೇರೆಯಾಗಿ ಬಳಸಿ. ಥೈಮ್ ಎಣ್ಣೆಯಲ್ಲಿರುವ ಥೈಮಾಲ್ ಕ್ರಿಮಿ ಕೊಲ್ಲುತ್ತದೆ ಅನ್ನುವುದು ಸರಿ. ಆದರೆ ಎಲೆ ನೆನೆಸಿದ ವಿನೆಗರ್‌ನಲ್ಲಿ ಅದು ತೀರಾ ಸ್ವಲ್ಪ. ಕಾಯಿಲೆ ಬಿದ್ದವರ ಕೋಣೆ ಒರೆಸಲು ಇದನ್ನು ನೆಚ್ಚಿಕೊಳ್ಳಬೇಡಿ.

ಈಗ ನಿಮ್ಮ ಬಣ್ಣದ ಪ್ರಶ್ನೆಗೆ ಬರುತ್ತೇನೆ. ಎಲೆಯ ಹಸಿರು ನೀರಿನಲ್ಲಿ ಕರಗುವಂಥದ್ದಲ್ಲ. ನೂಲಿಗೆ ಅಂಟುವಂಥದ್ದೂ ಅಲ್ಲ. ಮೇಲಾಗಿ ಕುದಿಸಿದಾಗ ಅದರ ನಡುವಿನ ಮೆಗ್ನೀಸಿಯಂ ಕಳಚಿಹೋಗಿ ಬಣ್ಣ ಕಂದು ಹಸಿರಿಗೆ ತಿರುಗುತ್ತದೆ. ಸೊಪ್ಪು ಜಾಸ್ತಿ ಬೇಯಿಸಿದಾಗ ಬರುತ್ತದಲ್ವಾ, ಅದೇ ಬಣ್ಣ. ಎಲೆಯಿಂದ ಬಟ್ಟೆಗೆ ನಿಜವಾಗಿ ಸಿಗುವುದು ಹಳದಿ. ಆ ಹಳದಿಯೂ ಸುಮ್ನೆ ಕೂರುವುದಿಲ್ಲ, ಹಿಡಿಸಬೇಕು. ಬಣ್ಣ ಹಾಕುವವರು ಹಿಂದೆ ಹಸಿರು ಬೇಕಾದಾಗ ನೀಲಿ ಮತ್ತು ಹಳದಿಯನ್ನು ಒಂದರ ಮೇಲೊಂದು ಕೊಡುತ್ತಿದ್ದರು. ಒಂದೇ ಅದ್ದಿಗೆಗೆ ಗಟ್ಟಿ ಹಸಿರು ಕೊಡುವ ಗಿಡಕ್ಕೆ ಕಾಯುತ್ತಾ ಕೂರಲಿಲ್ಲ.

ಹತ್ತಿಗೆ ಹೀಗೆ ಮಾಡಿ. ಬಟ್ಟೆಯನ್ನು ವಾಷಿಂಗ್ ಸೋಡಾ ಹಾಕಿದ ನೀರಲ್ಲಿ ಒಂದು ಗಂಟೆ ಕುದಿಸಿ ತೊಳೆಯಿರಿ. ಹೊಸ ಬಟ್ಟೆಯ ಗಂಜಿ, ಮೇಣ ಹೋಗಬೇಕು. ನೀರು ಚಹಾದ ಬಣ್ಣಕ್ಕೆ ತಿರುಗುವುದನ್ನು ನೋಡಿದರೆ ಬಿಳಿ ಬಟ್ಟೆಯಲ್ಲಿ ಎಷ್ಟು ಕೊಳೆ ಇತ್ತು ಅಂತ ಗೊತ್ತಾಗುತ್ತದೆ. ಆಮೇಲೆ ದಾಳಿಂಬೆ ಸಿಪ್ಪೆ ಅಥವಾ ಅಳಲೆಕಾಯಿ ಕುದಿಸಿದ ಒಗರು ನೀರಲ್ಲಿ ಒಂದು ರಾತ್ರಿ ನೆನೆಸಿ. ಹಿಂಡಿ, ಪಟಿಕದ ಬಿಸಿನೀರಿಗೆ ಹಾಕಿ. 100 ಗ್ರಾಂ ಒಣ ಬಟ್ಟೆಗೆ 15 ಗ್ರಾಂ ಪಟಿಕ. ಹತ್ತಿ ಪಟಿಕವನ್ನು ತಾನಾಗಿ ಸರಿಯಾಗಿ ಹಿಡಿಯುವುದಿಲ್ಲ, ಒಗರು ಅದಕ್ಕೆ ಕೊಂಡಿ. ಉಣ್ಣೆ, ರೇಷ್ಮೆಗೆ ಒಗರಿನ ಹಂತ ಬೇಡ, ನೇರ ಪಟಿಕ ಸಾಕು. ನಿಮ್ಮ ಬಟ್ಟೆಯ ಬಣ್ಣ ಒಗೆದಾಗ ಹೋದದ್ದು ಈ ಹಂತಗಳು ಇಲ್ಲದ ಕಾರಣಕ್ಕೆ.

ಎಲೆ ಬಟ್ಟೆಯ ತೂಕದ ಎರಡರಿಂದ ನಾಲ್ಕು ಪಟ್ಟು ಇರಲಿ. ಕತ್ತರಿಸಿ, ಒಂದು ಗಂಟೆ ಕುದಿಸಿ, ಸೋಸಿ, ಆ ನೀರಲ್ಲಿ ಬಟ್ಟೆಯನ್ನು ಸಣ್ಣ ಉರಿಯಲ್ಲಿ ಇನ್ನೊಂದು ಗಂಟೆ ಇಡಿ. ಆರುವವರೆಗೆ ಅಲ್ಲೇ ಬಿಡಿ. ರೋಸ್‌ಮೆರಿ, ಪುದೀನ ಎರಡೂ ಮೆದು ಹಳದಿ ಕೊಡುತ್ತವೆ. ಕೊನೆಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ) ಕರಗಿಸಿದ ನೀರಲ್ಲಿ ಐದೇ ನಿಮಿಷ ಅದ್ದಿದರೆ ಹಳದಿ ಕಣ್ಣೆದುರೇ ಬೂದು ಮಿಶ್ರಿತ ಆಲಿವ್ ಹಸಿರಾಗುತ್ತದೆ. ನೀವು ಹುಡುಕುತ್ತಿದ್ದ ಹಸಿರಿಗೆ ಅತಿ ಹತ್ತಿರದ್ದು ಇದೇ. ಕಬ್ಬಿಣ ಜಾಸ್ತಿಯಾದರೆ ನೂಲು ಕಾಲಕ್ರಮೇಣ ಪುಡಿಯಾಗುತ್ತದೆ, ಅಳತೆ ಮೀರಬೇಡಿ. ಇದಕ್ಕೆ ಬಳಸಿದ ಪಾತ್ರೆ, ಸೌಟು ಅಡುಗೆಗೆ ಮತ್ತೆ ಬರಬಾರದು.

ಇಷ್ಟೆಲ್ಲಾ ಬೇಡ, ಎಲೆಯ ಹಸಿರನ್ನೇ ನೋಡಬೇಕು ಅನ್ನಿಸಿದರೆ ಸುತ್ತಿಗೆ ತೆಗೆದುಕೊಳ್ಳಿ. ದಪ್ಪ ಕಾಗದದ ಮೇಲೆ ಹಸಿ ಎಲೆ ಇಟ್ಟು, ಮೇಲೊಂದು ತೆಳು ಕಾಗದ ಮುಚ್ಚಿ, ಅಂಚಿನಿಂದ ಒಳಕ್ಕೆ ಮೆಲ್ಲಗೆ ಬಡಿಯುತ್ತಾ ಬನ್ನಿ. ನರಗಳ ಸಮೇತ ಎಲೆಯ ಅಚ್ಚು ಮೂಡುತ್ತದೆ. ಜಪಾನಿನಲ್ಲಿ ಇದಕ್ಕೆ ತತಾಕಿಜೋಮೆ ಅನ್ನುತ್ತಾರೆ. ಬೆಳಕಿಗೆ ಮಾಸುತ್ತದೆ, ಆದ್ದರಿಂದ ಗೋಡೆಗೆ ಹಾಕಬೇಡಿ. ಪುಸ್ತಕದೊಳಗೆ ಕತ್ತಲಲ್ಲಿ ಕೂರುವ ಪುಟಗುರುತಿಗೆ ಹೇಳಿ ಮಾಡಿಸಿದ ಹಾಗಿದೆ. ಗೋಡೆಗೇ ಬೇಕು ಅಂದರೆ ಸಯನೋಟೈಪ್ ಮಾಡಿ. ಬಿಸಿಲು ತಾಗಿದ ಕಡೆ ನೀಲಿಯಾಗುವ ಲೇಪ ಹಚ್ಚಿದ ಕಾಗದ ಸಿದ್ಧವಾಗಿಯೇ ಸಿಗುತ್ತದೆ. ಮೇಲೆ ಸಬ್ಬಸಿಗೆಯ ಒಂದು ಎಸಳು ಇಟ್ಟು, ಗಾಜು ಒತ್ತಿ, ಬಿಸಿಲಿಗೆ ಹದಿನೈದು ನಿಮಿಷ ಹಿಡಿದು, ನೀರಲ್ಲಿ ತೊಳೆದರೆ ಕಡುನೀಲಿಯ ಮೇಲೆ ಬಿಳಿ ಎಲೆ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ವಿಧಾನ ಇದು. ಮರುವರ್ಷವೇ ಆನಾ ಆಟ್ಕಿನ್ಸ್ ಎಂಬ ಸಸ್ಯಪ್ರೇಮಿ ಕಡಲ ಪಾಚಿಗಳನ್ನು ಹೀಗೆ ಮೂಡಿಸಲು ತೊಡಗಿದರು. ಆ ನೀಲಿ ಇಂದಿಗೂ ಉಳಿದಿದೆ.

ಕೈಗೆ ನೇಯ್ಗೆಯ ಕೆಲಸ ಇಷ್ಟವಾದರೆ ಲ್ಯಾವೆಂಡರ್ ಕೋಲು ಮಾಡಿ ನೋಡಿ. ಅದೇ ದಿನ ಕೊಯ್ದ, ಉದ್ದನೆಯ 13 ಕಡ್ಡಿ ಬೇಕು. ಸಂಖ್ಯೆ ಬೆಸವೇ ಆಗಿರಬೇಕು. ಸಮ ಸಂಖ್ಯೆಯಾದರೆ ಎರಡನೇ ಸುತ್ತಿನಲ್ಲಿ ರಿಬ್ಬನ್ ಮೊದಲಿನ ದಾರಿಯಲ್ಲೇ ಹೋಗುತ್ತದೆ, ನೇಯ್ಗೆ ಕೂರುವುದಿಲ್ಲ. ಹೂಗಳ ಕೆಳಗೆ ರಿಬ್ಬನ್ ಬಿಗಿದು ಕಟ್ಟಿ, ಗೊಂಚಲನ್ನು ತಲೆಕೆಳಗು ಮಾಡಿ, ಒಂದೊಂದೇ ಕಡ್ಡಿಯನ್ನು ಹೂಗಳ ಮೇಲೆ ಕೆಳಕ್ಕೆ ಬಗ್ಗಿಸಿ. ಬಗ್ಗಿಸುವ ಜಾಗದಲ್ಲಿ ಉಗುರಿನಿಂದ ಮೆಲ್ಲಗೆ ಒತ್ತಿದರೆ ಕಡ್ಡಿ ಮುರಿಯುವುದಿಲ್ಲ. ಹೂಗಳು ಪಂಜರದೊಳಗೆ ಸಿಕ್ಕಿದ ಹಾಗೆ ಕಾಣುತ್ತವೆ. ಈಗ ರಿಬ್ಬನ್ನನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುತ್ತಾ ಸುತ್ತಿ. ಮೊದಲ ಎರಡು ಸುತ್ತು ಕಿರಿಕಿರಿ, ಮೂರನೆಯದರಿಂದ ಕೈ ತಾನಾಗಿ ಓಡುತ್ತದೆ. ಹೂ ಮುಗಿದ ಕಡೆ ಗಂಟು ಹಾಕಿ, ಬಿಗಿ ಎಳೆಯಬೇಡಿ. ಎರಡು ವಾರಕ್ಕೆ ಒಳಗಿನ ಹೂ ಸೊರಗುತ್ತದೆ. ಆಗ ರಿಬ್ಬನ್ ಮತ್ತೆ ಬಿಗಿದು ಕೊನೆಯ ಗಂಟು ಹಾಕಿ. ಒಂದು ಹೂವೂ ಹೊರಗೆ ಉದುರುವುದಿಲ್ಲ, ಚೀಲದ ಅಗತ್ಯವೇ ಇಲ್ಲ. ನಿಂಬೆಹುಲ್ಲಿನ ಉದ್ದ ಎಲೆಯನ್ನು ಅರೆ ಒಣಗಿಸಿ ಜಡೆ ಹೆಣೆದು, ಸುರುಳಿ ಸುತ್ತಿ ಹೊಲಿದರೆ ಬಿಸಿ ಪಾತ್ರೆ ಇಡುವ ಮಣೆಯಾಗುತ್ತದೆ. ಪಾತ್ರೆ ಇಟ್ಟಾಗಲೆಲ್ಲಾ ಬಿಸಿಗೆ ಘಮ ಬರುತ್ತದೆ.

ಸೋಪು, ಮೇಣದಬತ್ತಿ ಮಾಡುವ ಆಸೆ ಇದ್ದರೆ ಎರಡು ಮಾತು. ಕ್ಷಾರ ಹಾಕಿ ಮಾಡುವ ಸೋಪಿನೊಳಗೆ ಒಣ ಎಲೆ, ಲ್ಯಾವೆಂಡರ್ ಹಾಕಿದರೆ ಕಂದಾಗುತ್ತದೆ. ಕ್ಯಾಲೆಂಡುಲಾ ಎಸಳಿನ ಕಿತ್ತಳೆ ಮಾತ್ರ ಉಳಿಯುತ್ತದೆ. ಮೇಣದೊಳಗೆ ಒಣ ಎಲೆ ಸೇರಿಸಿದ ಬತ್ತಿಯ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ದಯವಿಟ್ಟು ಮಾಡಬೇಡಿ. ಮೇಣ ಕರಗಿದಾಗ ಎಲೆ ತೇಲಿ ಬತ್ತಿಯ ಹತ್ತಿರ ಬಂದು ಅದೇ ಎರಡನೇ ಬತ್ತಿಯಾಗಿ ಉರಿಯುತ್ತದೆ. ಅಲಂಕಾರ ಬೇಕಾದರೆ ಗಾಜಿನ ಲೋಟದ ಹೊರಗೆ ಎಲೆ ಅಂಟಿಸಿ.

ಮನೆಯಲ್ಲಿ ಬೆಕ್ಕಿದ್ದರೆ ಅಂಗಡಿಯ ಸಾಂದ್ರ ಎಣ್ಣೆಗಳನ್ನು ಚೀಲಕ್ಕೆ ಸುರಿಯಬೇಡಿ, ಅದರ ಯಕೃತ್ತು ಅವನ್ನು ಕರಗಿಸಲಾರದು. ನಾಗದಾಳಿ ಬೆಳೆಸಿದ್ದರೆ ಕೈಗವಸು ಹಾಕಿಯೇ ಕೊಯ್ಯಿರಿ. ಅದರ ರಸ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ.

ನೀವು ಹೊಲಿದ ಆ ಪುದೀನ ಚೀಲಗಳನ್ನು ಬಿಸಾಡಬೇಡಿ. ಒಂದು ಬದಿಯ ಹೊಲಿಗೆ ಬಿಚ್ಚಿ, ಒಳಗಿನ ಪುಡಿಗೆ ಅಷ್ಟೇ ಅಡುಗೆ ಸೋಡಾ ಬೆರೆಸಿ ಮತ್ತೆ ಹೊಲಿದುಬಿಡಿ. ಶೂ ಒಳಗೆ ರಾತ್ರಿ ಇಟ್ಟರೆ ವಾಸನೆ ಎಳೆದುಕೊಳ್ಳುತ್ತದೆ. ಕಪಾಟಿಗೆ ಹೊಸ ಚೀಲಗಳನ್ನು ಲ್ಯಾವೆಂಡರ್ ಮೊದಲ ಹೂ ಬಿಟ್ಟ ದಿನ ಶುರುಮಾಡಿ.